ಹುಳು ಹಣ್ಣಾಗಲಿ, ಆಮೇಲೆ ಮಾತ್ರೆ

ನಮ್ಮ ಮನೆಯಲ್ಲಿ ಯಾರ ಆರೋಗ್ಯಕ್ಕೆ ಹೆಚ್ಚು ಬೆಲೆ ಇತ್ತು ಎಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳುತ್ತೇನೆ: ಹುಳುಗಳದ್ದು. ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಹುಳು ಎಂದರೆ ರೇಷ್ಮೆ ಹುಳು, ಮಿಕ್ಕವೆಲ್ಲ ಬರೀ ಕ್ರಿಮಿಕೀಟ. ನಡುಮನೆಯನ್ನು ಅವುಗಳಿಗೆ ಬಿಟ್ಟುಕೊಟ್ಟು ನಾವು ಪಡಸಾಲೆಯಲ್ಲೂ ಅಡುಗೆಮನೆಯಲ್ಲೂ ಮೈ ಮುದುಡಿಕೊಂಡು ಮಲಗುತ್ತಿದ್ದೆವು. ಚಳಿಗಾಲದಲ್ಲಿ ಅವುಗಳಿಗೆ ಇದ್ದಿಲ ಕೆಂಡ, ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು. ನಮಗೆ ಎರಡು ಕಾಲಕ್ಕೂ ಒಂದೇ ಕಂಬಳಿ. ಪೊರೆ ಬಿಡುವ ಮುಂಚೆ ಹುಳು ಮೇವು ನಿಲ್ಲಿಸಿ, ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುಗಳಿಗೆ ಜ್ವರ ಬಂದರೆ ಮನೆಯವರೆಲ್ಲ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ನನಗೆ ಜ್ವರ ಬಂದರೆ ಒಂದು ಲೋಟ ಮೆಣಸಿನ ಕಷಾಯ, ಅದರ ಹಿಂದೆಯೇ ‘ಸೊಪ್ಪು ಬಿಡಿಸೋಕೆ ಹೋಗಲ್ವೇನೇ?’ ಎಂಬ ಪ್ರಶ್ನೆ.

ಹುಳು ಮನೆಯ ಯಜಮಾನಿಕೆ ನಮ್ಮ ಅತ್ತೆಯದು. ಅಪ್ಪನ ಅಕ್ಕ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಹಿಂದಕ್ಕೆ ಕಳಿಸಿದ ಮೇಲೆ ತವರಿಗೆ ಬಂದು ಹುಳುಗಳ ಮಧ್ಯೆ ಸೇರಿಕೊಂಡವಳು. ಅವಳ ಕಾನೂನು ಬಿಗಿಯಾಗಿತ್ತು. ಹುಳು ಮನೆಯ ಹತ್ತಿರ ಒಗ್ಗರಣೆ ಸಿಡಿಸುವಂತಿಲ್ಲ, ಬೀಡಿ ಸೇದಿದವರು ಬರುವಂತಿಲ್ಲ, ಸೆಂಟು ಹಾಕಿಕೊಂಡ ನೆಂಟರು ಹೊಸಿಲು ದಾಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಮುಟ್ಟಾದ ಹೆಂಗಸು ಆ ಕಡೆ ತಲೆ ಹಾಕುವಂತಿಲ್ಲ. ಅವಳ ನೆರಳು ಬಿದ್ದರೂ ಹುಳು ಸಪ್ಪೆ ಹಿಡಿದು, ಬಾಡಿ, ಕಪ್ಪಗಾಗಿ ಸಾಯುತ್ತವೆ ಎಂಬ ನಂಬಿಕೆ ಊರಿಗೆಲ್ಲ ಇತ್ತು. ಅತ್ತೆಗೆ ಮಾತ್ರ ಅದು ನಂಬಿಕೆಯಲ್ಲ, ಕಣ್ಣಾರೆ ಕಂಡ ಸತ್ಯ. ಯಾರ ಮನೆಯಲ್ಲಿ, ಯಾವ ಬೆಳೆಯಲ್ಲಿ, ಯಾವ ಸೊಸೆಯ ದೆಸೆಯಿಂದ ಎಷ್ಟು ತಟ್ಟೆ ಹುಳು ಹಾಳಾಯಿತು ಎಂಬುದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಳು. ಅಮ್ಮ ತಿಂಗಳಿಗೊಮ್ಮೆ ಹಿತ್ತಿಲ ಜಗುಲಿಯಲ್ಲಿ ಕೂರುತ್ತಿದ್ದಳು. ಆ ದಿನಗಳಲ್ಲಿ ಅತ್ತೆಗೆ ನಾನೇ ಬಲಗೈ.

ನನಗೆ ಹದಿನಾರೋ ಹದಿನೇಳೋ ಆದಾಗ ನನ್ನ ಮುಟ್ಟು ಹೇಳದೆ ಕೇಳದೆ ನಿಂತುಹೋಯಿತು. ಎರಡು ತಿಂಗಳು ಬರಲಿಲ್ಲ. ಆಮೇಲೊಮ್ಮೆ ಬಂದು ಮುಖ ತೋರಿಸಿ, ಮತ್ತೆ ಆರು ತಿಂಗಳು ನಾಪತ್ತೆ. ಬೇರೆ ಮನೆಯಾಗಿದ್ದರೆ ಗಾಬರಿಯಾಗುತ್ತಿದ್ದರು, ಮಗಳ ಮೇಲೆ ಅನುಮಾನಪಡುತ್ತಿದ್ದರು. ನಮ್ಮ ಮನೆಯಲ್ಲಿ ಹಬ್ಬವಾಯಿತು.

“ನಮ್ ಮಗು ಕೈಗುಣ ನೋಡಮ್ಮ, ಇಡೀ ಬೆಳೆಗೆ ಒಂದ್ ದಿನ ರಜಾ ಇಲ್ಲ” ಎಂದು ಅತ್ತೆ ಬೀದಿಗೆಲ್ಲ ಸಾರಿಕೊಂಡು ಬಂದಳು. ಬೀದಿಯವರು ಸುಮ್ಮನಿರುತ್ತಾರೆಯೇ? ಅವರ ಮನೆಯ ಹೆಂಗಸರು ಹೊರಗೆ ಕೂತಾಗಲೆಲ್ಲ ನನ್ನನ್ನು ಕರೆದೊಯ್ಯತೊಡಗಿದರು. ಹುಳು ಮೇಯಿಸಲು, ತಟ್ಟೆಯ ಕಸ ತೆಗೆಯಲು, ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡಲು. ಚಂದ್ರಿಕೆ ಎಂದರೆ ಹಣ್ಣಾದ, ಅಂದರೆ ಮೇವು ಮುಗಿಸಿ ಮಾಗಿದ ಹುಳು ಗೂಡು ಕಟ್ಟುವ ಬಿದಿರಿನ ಚಾಪೆ. ಒಬ್ಬರು ರವಿಕೆ ಕಣ ಕೊಟ್ಟರು, ಒಬ್ಬರು ಬಳೆ ತೊಡಿಸಿದರು. ಗಂಡಸರು ದಾರಿಯಲ್ಲಿ ಎದುರಾದರೆ ‘ಏನಮ್ಮಾ, ನಮ್ ಹುಳು ಹೆಂಗವೆ?’ ಎಂದು ಮರ್ಯಾದೆಯಿಂದ ಕೇಳುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಿದ್ದ ಹುಡುಗಿಗೆ ಈ ಮರ್ಯಾದೆ ಕಡಿಮೆಯದೇ? ಬರಬೇಕಾದದ್ದು ಬರದಿದ್ದರೇ ಒಳ್ಳೆಯದು ಎಂದು ನನಗೂ ಅನ್ನಿಸಿತ್ತು.

ಮೊದಲು ಅಳುಕಿದವಳು ಅಮ್ಮ. ನಾನು ದಪ್ಪಗಾಗುತ್ತಿದ್ದೆ. ಗಲ್ಲದ ಕೆಳಗೆ ಕೂದಲು ಮೊಳೆಯುತ್ತಿತ್ತು. ಕಸ್ತೂರಿ ಅರಿಶಿನ ಉಜ್ಜಿ ಉಜ್ಜಿ ನನ್ನ ಮುಖ ಹಳದಿಯಾಯಿತೇ ಹೊರತು ಕೂದಲು ಹೋಗಲಿಲ್ಲ. ಅಷ್ಟರಲ್ಲಿ ಗೌರಿಬಿದನೂರಿನಿಂದ ಹೆಣ್ಣು ನೋಡಲು ಬಂದರು. ಹುಡುಗನ ತಾಯಿ ನನ್ನ ಗಲ್ಲ ಹಿಡಿದು, ಮುದ್ದು ಮಾಡುವವಳಂತೆ ಬೆಳಕಿಗೆ ತಿರುಗಿಸಿ, ಬೆರಳಿನಿಂದ ಸವರಿ ನೋಡಿದಳು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ‘ಹೋಗಿ ಕಾಗದ ಬರೀತೀವಿ’ ಎಂದು ಎದ್ದರು. ಕಾಗದ ಬರಲಿಲ್ಲ. ಅಮ್ಮ ಒಂದು ವಾರ ಕಾದು ಆಮೇಲೆ ಅಪ್ಪನಿಗೆ ಹೇಳಿದಳು:

“ನೋಡೀ, ಇವಳನ್ನ ಡಾಕ್ಟ್ರಿಗೆ ತೋರಿಸ್ಬೇಕು.”

“ಯಾಕೆ? ನೋವೈತಾ?”

“ನೋವಿಲ್ಲ. ಮುಟ್ಟೇ ಆಗ್ತಿಲ್ಲ.”

“ನೋವಿಲ್ಲ, ಜ್ವರ ಇಲ್ಲ. ಊಟ ಚೆನ್ನಾಗೇ ಮಾಡ್ತಾಳೆ. ಇನ್ನೇನು ಖಾಯಿಲೆ?” ಎಂದ ಅಪ್ಪ. ಖಾಯಿಲೆ ಎಂದರೆ ಹಾಸಿಗೆ ಹಿಡಿಯಬೇಕು, ಆಮೇಲಷ್ಟೇ ಖರ್ಚು ಎಂಬುದು ಅವನ ಲೆಕ್ಕಾಚಾರ.

ಆದರೂ ಅಗ್ಗದ ಕಡೆಯಿಂದ ಶುರುಮಾಡೋಣ ಎಂದು ಒಪ್ಪಿಕೊಂಡ. ಮೊದಲು ಚಿಂತಾಮಣಿಯ ನಾಟಿ ಪಂಡಿತರು. ನಾಡಿ ಹಿಡಿದು, ತೆಲುಗಿನಲ್ಲಿ “ಒಳ್ಳು ಚಲ್ಲಬಡಿಂದಮ್ಮಾ” ಎಂದರು. ಮೈ ತಣ್ಣಗಾಗಿದೆಯಂತೆ. ಎಳ್ಳು, ಬೆಲ್ಲ, ಪರಂಗಿಹಣ್ಣು, ಜೊತೆಗೆ ಅವರೇ ಕಟ್ಟಿಕೊಟ್ಟ ಕರೀ ಉಂಡೆಗಳು. ಎಳ್ಳು ಬೆಲ್ಲ ತಿಂದು ನಾನು ಇನ್ನೂ ದಪ್ಪಗಾದೆ. ಹೋದ ದಾರಿಯಲ್ಲೇ ಕೈವಾರಕ್ಕೂ ಹೋಗಿ ಕೈ ಮುಗಿದು ಬಂದೆವು. ಆಮೇಲೆ ಗೌರಿಬಿದನೂರಿನ ಒಬ್ಬ ಕಾಂಪೌಂಡರು. ಮೈಯೆಲ್ಲ ಉಷ್ಣ ಏರಿದೆ ಎಂದ ಅವನು ತಂಪಿಗೆ ಒಂದು ಪುಡಿ, ಶಕ್ತಿಗೆ ಒಂದು ಕೆಂಪು ಟಾನಿಕ್ಕು, ಭರವಸೆಗೆ ಒಂದು ಇಂಜೆಕ್ಷನ್ನು ಕೊಟ್ಟ. ಒಂದೇ ಮೈ ಚಿಂತಾಮಣಿಯಲ್ಲಿ ತಂಪು, ಗೌರಿಬಿದನೂರಿನಲ್ಲಿ ಉಷ್ಣ. ಎರಡು ಊರಿಗೂ ಬಸ್ ಚಾರ್ಜು, ಎರಡು ಊರಲ್ಲೂ ಹೋಟೆಲಿನ ದೋಸೆ, ಎರಡು ಕಡೆಯೂ ಫೀಸು. ಅಗ್ಗದ ಕಡೆಯಿಂದ ಶುರುಮಾಡಿದ್ದು ದುಬಾರಿಯ ಕಡೆಗಿಂತ ದುಬಾರಿಯಾಗುತ್ತಿದೆ ಎಂಬುದು ಅಪ್ಪನಿಗೂ ಅರ್ಥವಾಗತೊಡಗಿತು.

ಕೊನೆಗೆ ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲ ಬಾರಿಗೆ ನನ್ನನ್ನೇ ಪ್ರಶ್ನೆ ಕೇಳಿದರು. ಅಲ್ಲಿಯವರೆಗೆ ನನ್ನ ಮುಟ್ಟಿನ ಬಗ್ಗೆ ಎಲ್ಲರೂ ಮಾತಾಡಿದ್ದರು, ನಾನೊಬ್ಬಳೇ ಬಾಯಿ ಬಿಟ್ಟಿರಲಿಲ್ಲ. ಬೆಂಗಳೂರಿಗೆ ಕಳಿಸಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ರಕ್ತ ತೆಗೆಸಿ, ಆಮೇಲೆ ಖಾಯಿಲೆಯ ಹೆಸರು ಹೇಳಿದರು. ಪಾಲಿಸಿಸ್ಟಿಕ್ ಓವರಿ.

“ಕನ್ನಡದಲ್ಲಿ ಏನಂತಾರೆ ಮೇಡಂ?” ಎಂದ ಅಪ್ಪ.

“ಅಂಡಕೋಶದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಇರುತ್ವೆ. ಪೂರ್ತಿ ವಾಸಿ ಆಗೋದಲ್ಲ, ಹತೋಟೀಲಿ ಇಟ್ಕೋಬೇಕು. ತಿಂಗಳಿಗೊಂದ್ಸಲ ಈ ಮಾತ್ರೆ ಕೆಲವು ದಿನ ತಗೊಂಡು ನಿಲ್ಲಿಸಿದ್ರೆ ಮುಟ್ಟಾಗ್ತಾಳೆ. ತಪ್ಪಿಸಬೇಡಿ. ಒಳಗಡೆ ಪದರ ಕಟ್ತಾ ಹೋಗುತ್ತೆ. ಒಂದಿನ ಎಲ್ಲಾ ಒಟ್ಟಿಗೆ ಇಳಿದ್ರೆ ತಡೆಯೋಕಾಗಲ್ಲ.”

ಹೊರಗೆ ಬಂದ ಮೇಲೆ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ನಿಂತು, “ಹೆಸರೇ ಇಂಗ್ಲಿಷು. ಖರ್ಚೂ ಇಂಗ್ಲಿಷ್ನೋರ ಲೆಕ್ಕದಲ್ಲೇ ಬರುತ್ತೆ” ಎಂದ. ಮಾತ್ರೆ ಅಷ್ಟೇನೂ ದುಬಾರಿಯಲ್ಲ, ನಿಜ ಹೇಳಬೇಕು. ಆದರೆ ಮೂರು ತಿಂಗಳಿಗೊಮ್ಮೆ ತೋರಿಸಬೇಕು, ವರ್ಷಕ್ಕೊಮ್ಮೆ ಬೆಂಗಳೂರು, ಮತ್ತು ಇದಕ್ಕೆ ಕೊನೆಯಿಲ್ಲ. ಆ ಕೊನೆಯಿಲ್ಲ ಎಂಬ ಮಾತೇ ಅಪ್ಪನಿಗೆ ನುಂಗಲಾಗದ ತುತ್ತಾಯಿತು. ಕಾಲು ಮುರಿದರೆ ಕಟ್ಟು ಹಾಕಿಸಿ ಮುಗಿಸಬಹುದು. ಕೊನೆಯೇ ಇಲ್ಲದ ಖಾಯಿಲೆಗೆ ಯಾರು ದುಡ್ಡು ಹಾಕುತ್ತಾರೆ?

ಮೊದಲ ತಿಂಗಳು ಮಾತ್ರೆ ನುಂಗಿದೆ. ಡಾಕ್ಟರು ಹೇಳಿದಂತೆಯೇ ಮುಟ್ಟಾಯಿತು. ನನಗೆ ಪರೀಕ್ಷೆ ಪಾಸಾದಷ್ಟು ಖುಷಿ. ಆದರೆ ಅದು ಹುಳು ನಾಲ್ಕನೇ ಜ್ವರದಿಂದ ಎದ್ದ ದಿನ. ಆಗ ಅವುಗಳ ಹಸಿವು ಎಂಥದೆಂದರೆ, ಸೊಪ್ಪು ಹಾಕಿದ ತಕ್ಷಣ ಮಳೆ ಬಿದ್ದ ಹಾಗೆ ಸದ್ದು ಕೇಳಿಸುತ್ತದೆ. ಅದೇ ದಿನ ಅಮ್ಮನೂ ಹೊರಗಾದಳು. ಹಿತ್ತಿಲ ಜಗುಲಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು, ಒಳಗೆ ಅತ್ತೆ ಒಬ್ಬಳೇ ಏಗುವುದನ್ನು ಕೇಳುತ್ತಿದ್ದೆವು. ಸೊಪ್ಪು ತಡವಾಯಿತು, ಕಸ ತೆಗೆಯಲಾಗಲಿಲ್ಲ, ಹುಳು ಸಣ್ಣಗಾದವು, ಗೂಡು ತೆಳ್ಳಗಾದವು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರುಗಳು ನಮ್ಮ ಗೂಡನ್ನು ಬೆರಳಲ್ಲಿ ಒತ್ತಿ ನೋಡಿ ಮುಂದಕ್ಕೆ ಹೋದರು.

ತಪ್ಪು ಯಾರದು ಎಂಬ ಬಗ್ಗೆ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಮಾತ್ರೆಯದ್ದು.

ಅತ್ತೆ ಮಾತ್ರೆಯನ್ನು ಬೇಡವೆನ್ನಲಿಲ್ಲ. ಅಷ್ಟು ಕೆಟ್ಟವಳಲ್ಲ ಅವಳು. ಮಾತ್ರೆಯ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತೊಲೆಯ ಮೇಲಿನ ಡಬ್ಬಿಯಲ್ಲಿಟ್ಟು ಹೇಳಿದಳು: “ತಿನ್ನಬೇಡ ಅಂತ ಅನ್ನಲ್ಲ ಕಣಮ್ಮ. ನಿನ್ ಒಳ್ಳೇದಕ್ಕೇ ತಾನೇ? ಹುಳು ಹಣ್ಣಾಗ್ಲಿ, ಆಮೇಲೆ ತಿನ್ನುವಂತೆ.”

ಕೇಳಲು ಎಷ್ಟು ನ್ಯಾಯವಾದ ಮಾತು! ಮುಟ್ಟು ಯಾವಾಗ ಬರಬೇಕೆಂದು ಮಾತ್ರೆಯೇ ತೀರ್ಮಾನಿಸುವುದಾದರೆ, ಮಾತ್ರೆ ಯಾವಾಗ ಎಂದು ಹುಳು ತೀರ್ಮಾನಿಸಲಿ. ಹುಳು ಹಣ್ಣಾಗಿ ಗೂಡು ಕಟ್ಟಿದ ಮೇಲೆ ಗೂಡು ಬಿಡಿಸಬೇಕು. ಬಿಡಿಸಿ ಮಾರ್ಕೆಟ್ಟಿಗೆ ಹಾಕುವಷ್ಟರಲ್ಲಿ ಬೀದಿಯ ಇನ್ನೊಂದು ಮನೆಯಲ್ಲಿ ಹುಳು ಎದ್ದಿರುತ್ತಿದ್ದವು, ಅಲ್ಲಿಗೆ ನನ್ನನ್ನು ಕಳಿಸಲು ಮಾತು ಕೊಟ್ಟಾಗಿರುತ್ತಿತ್ತು. ಅಲ್ಲಿಂದ ಬರುವಷ್ಟರಲ್ಲಿ ನಮ್ಮ ಮನೆಗೆ ಹೊಸ ಮೊಟ್ಟೆ ಬಂದಿರುತ್ತಿತ್ತು. ವರ್ಷವಿಡೀ ಹಿಪ್ಪುನೇರಳೆ ಚಿಗುರುವ ಸೀಮೆಯಲ್ಲಿ ಮಾತ್ರೆ ನುಂಗಲು ಒಳ್ಳೆಯ ದಿನ ಎಲ್ಲಿಂದ ಬರಬೇಕು?

ಅದರೊಳಗೆ ಇನ್ನೊಂದು ಸೊಗಸು ಇತ್ತು. ಮಾತ್ರೆಗೆ, ಬಸ್ಸಿಗೆ, ಫೀಸಿಗೆ ದುಡ್ಡು ಬರಬೇಕಾದದ್ದು ಗೂಡಿನಿಂದ. ಗೂಡು ಚೆನ್ನಾಗಿ ಆಗಬೇಕಾದರೆ ನಾನು ಹುಳು ಮನೆಯಲ್ಲಿರಬೇಕು. ಹುಳು ಮನೆಯಲ್ಲಿರಬೇಕಾದರೆ ಮಾತ್ರೆ ನುಂಗಬಾರದು. ಹೀಗೆ ನನ್ನ ಚಿಕಿತ್ಸೆಗೆ ದುಡ್ಡು ಹೊಂದಿಸಲೆಂದೇ ನನ್ನ ಚಿಕಿತ್ಸೆ ನಿಂತುಹೋಯಿತು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಅಮ್ಮನಿಗೆ ಅನ್ನಿಸುತ್ತಿತ್ತು. ಆದರೆ ಹಿತ್ತಿಲ ಜಗುಲಿಯಲ್ಲಿ ಕೂತವಳ ಮಾತು ನಡುಮನೆಯವರೆಗೆ ಬರುತ್ತಿರಲಿಲ್ಲ. ಒಮ್ಮೆ ಅವಳು, “ಅತ್ತಿಗೆ, ಡಾಕ್ಟ್ರು ತಪ್ಪಿಸಬೇಡಿ ಅಂದಿದ್ರಲ್ಲ” ಎಂದಳು.

“ಡಾಕ್ಟ್ರು ಹುಳು ಸಾಕಿದಾರಾ?” ಎಂದಳು ಅತ್ತೆ. ಅಲ್ಲಿಗೆ ಮುಗಿಯಿತು.

ಮಾತ್ರೆ ತೊಲೆಯ ಮೇಲೆಯೇ ಉಳಿಯಿತು. ಒಂದು ಯುಗಾದಿ ಕಳೆದು ಗೌರಿ ಹಬ್ಬ ಬಂತು, ಅದೂ ಕಳೆಯಿತು. ನನಗೆ ಮುಟ್ಟಾಗಲೇ ಇಲ್ಲ. ಕಾಲು ಭಾರ, ಹೊಟ್ಟೆ ಭಾರ, ಮೆಟ್ಟಿಲು ಹತ್ತಿದರೆ ಏದುಸಿರು. ಹೆದರಿಕೆಯೂ ಇತ್ತು. ಒಳಗೆ ಪದರ ಕಟ್ಟುತ್ತಿದೆ ಎಂದ ಡಾಕ್ಟರ ಮಾತು ನನಗೆ ಸೊಪ್ಪು ಕತ್ತರಿಸುವಾಗಲೂ ನೆನಪಾಗುತ್ತಿತ್ತು. ಆದರೆ ಊರಿನಲ್ಲಿ ನನ್ನ ಕೈಗುಣದ ಹೆಸರು ಅಷ್ಟೊಂದು ಬೆಳೆದಿತ್ತು. ಹೋಗಿ ಹೋಗಿ ನಾನೇ ಹೊರಗೆ ಕೂರುತ್ತೇನೆಂದು ಯಾವ ಬಾಯಿಂದ ಹೇಳಲಿ?

ಆ ವರ್ಷದ ದೊಡ್ಡ ಬೆಳೆ ಹಣ್ಣಾದ ದಿನ ಬಂತು. ಹುಳುಗಳ ಮೈ ಹಳದಿಗಟ್ಟಿ, ಬೆಳಕು ಹಾಯುವಂತಾದರೆ ಒಂದೇ ದಿನದಲ್ಲಿ ಎಲ್ಲವನ್ನೂ ಆಯ್ದು ಚಂದ್ರಿಕೆಗೆ ಬಿಡಬೇಕು. ಮಧ್ಯಾಹ್ನದ ಹೊತ್ತು, ನಾನು ಬಗ್ಗಿ ಆಯುತ್ತಿದ್ದೆ. ಇದ್ದಕ್ಕಿದ್ದಂತೆ ತೊಡೆಯ ನಡುವೆ ಬೆಚ್ಚಗಾಯಿತು. ನೋಡುವಷ್ಟರಲ್ಲಿ ಲಂಗ ತೊಯ್ದು, ಪಾದದ ಮೇಲಿಳಿದು, ಸಗಣಿ ಸಾರಿಸಿದ ನೆಲದ ಮೇಲೆ, ಚಂದ್ರಿಕೆಯ ಅಂಚಿನ ಮೇಲೆ ರಕ್ತ.

“ಆಚೆ ಹೋಗೇ! ಆಚೆ ಹೋಗು, ತಟ್ಟೆ ಮುಟ್ಟಬೇಡ!” ಎಂದು ಅತ್ತೆ ಕಿರುಚಿದಳು. ನಾನು ಕೈಯಲ್ಲಿದ್ದ ಹುಳುಗಳನ್ನು ಮೆಲ್ಲಗೆ ಕೆಳಗಿಟ್ಟೇ ಹೋದೆ. ಅಭ್ಯಾಸ ಎಂಥದು ನೋಡಿ.

ಹಿತ್ತಿಲ ಜಗುಲಿಯಲ್ಲಿ ಅಮ್ಮ ಹಳೆಯ ಸೀರೆ ಹರಿದು ಹರಿದು ಕೊಟ್ಟಳು. ಒಂದು ಸೀರೆ ಮುಗಿಯಿತು. ಗಡ್ಡೆ ಗಡ್ಡೆಯಾಗಿ ಹೋಗುತ್ತಲೇ ಇತ್ತು. ಸಂಜೆಯ ಹೊತ್ತಿಗೆ ನನ್ನ ಕಿವಿಯಲ್ಲಿ ಗುಂಯ್ ಎನ್ನತೊಡಗಿ, ಎದುರಿನ ನುಗ್ಗೆಮರ ಎರಡಾಗಿ ಕಾಣಿಸಿತು. ಅಮ್ಮ ಜಗುಲಿಯಿಂದ ಎದ್ದು ಅಡುಗೆಮನೆ ದಾಟಿ ನೇರವಾಗಿ ನಡುಮನೆಯ ಬಾಗಿಲಿಗೆ ಹೋಗಿ ಅಪ್ಪನಿಗೆ ಹೇಳಿದಳು: “ಹುಳು ಬಿಟ್ಟು ಬರ್ತೀರೋ, ಇಲ್ಲಾ ನಾನೇ ಎತ್ಕೊಂಡು ಹೋಗ್ಲೋ?” ಅವಳು ಅಪ್ಪನ ಜೊತೆ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಪಕ್ಕದ ಮನೆಯ ಗೂಡು ಸಾಗಿಸಲು ಬಂದಿದ್ದ ಟೆಂಪೋದಲ್ಲಿ ಗೋಣಿಚೀಲದ ಮೇಲೆ ಮಲಗಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದರು. ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡದ್ದು ಮಾತ್ರ ನೆನಪಿದೆ. ಆಮೇಲೆ ಗೊತ್ತಾಯಿತು, ಗರ್ಭಕೋಶದ ಒಳಗೆ ಕೆರೆದು ತೆಗೆದರಂತೆ, ಬಾಟಲಿಗಟ್ಟಲೆ ರಕ್ತ ಏರಿಸಿದರಂತೆ. ಒಂದು ಬಾಟಲಿ ಅಪ್ಪನದೇ. ತೋಳು ಮಡಚಿಕೊಂಡು ಬೆಂಚಿನ ಮೇಲೆ ಕೂತ ಅಪ್ಪ ಅಮ್ಮನನ್ನು ಕೇಳಿದನಂತೆ, “ನಮ್ಮ ರಕ್ತ ನಮ್ಮ ಮಗೂಗೇ ಕೊಟ್ರೂ ಬಿಲ್ಲಿಗೆ ಸೇರಿಸ್ತಾರಾ?” ಅವನು ಆಮೇಲೆ ಅತ್ತನಂತೆ. ಎರಡನ್ನೂ ನಾನು ನಂಬುತ್ತೇನೆ.

ನನ್ನನ್ನು ಮನೆಗೆ ಕಳಿಸುವ ದಿನ ಅತ್ತೆ ಬಂದಳು. ಅಷ್ಟರಲ್ಲಿ ಗೂಡು ಬಿಡಿಸಿ ಮಾರಿಯಾಗಿತ್ತು. ರಕ್ತ ಬಿದ್ದ ಚಂದ್ರಿಕೆಯೂ ಸೇರಿದಂತೆ ಎಲ್ಲವೂ ಕಲ್ಲಿನಂಥ ಗೂಡು. ಮಾರ್ಕೆಟ್ಟಿನಲ್ಲಿ ಆ ದಿನ ನಮ್ಮ ಗೂಡಿಗೇ ಮೇಲಿನ ರೇಟು. ಹುಳುಗಳಿಗೆ ಮೈಲಿಗೆಯಾಗಿದ್ದು ತಿಳಿದಿರಲಿಲ್ಲವೆಂದು ಕಾಣುತ್ತದೆ. ಆ ದುಡ್ಡು ಶಿಡ್ಲಘಟ್ಟದಿಂದ ಬಂದ ಹಾಗೆಯೇ ಕಟ್ಟು ಬಿಚ್ಚದೆ ಆಸ್ಪತ್ರೆಗೆ ಸಂದಾಯವಾಯಿತು, ಸಾಲದೆ ಬಂದದ್ದಕ್ಕೆ ಅಮ್ಮನ ಓಲೆ ಹೋಯಿತು. ತೊಲೆಯ ಮೇಲಿನ ಡಬ್ಬಿಯಲ್ಲಿದ್ದಂಥ ಮಾತ್ರೆಗಳನ್ನು ಆ ದುಡ್ಡಿನಲ್ಲಿ ನನಗೆ ನಲವತ್ತು ತುಂಬುವವರೆಗೆ ಕೊಳ್ಳಬಹುದಿತ್ತು.

ಡಾಕ್ಟರು ಚೀಟಿ ಬರೆಯುತ್ತಾ ಕೇಳಿದರು, “ಮನೇಲಿ ಇನ್ಯಾರಿಗಾದ್ರೂ ಹೀಗಿತ್ತಾ? ಅಮ್ಮನ ಕಡೆ, ಅಪ್ಪನ ಕಡೆ?”

“ಯಾರಿಗೂ ಇಲ್ಲ” ಎಂದ ಅಪ್ಪ.

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಸೆರಗು ಎಳೆದುಕೊಂಡಳು. “ನಂಗಿತ್ತು” ಎಂದಳು. “ಹಿಂಗೇ. ವರ್ಷಕ್ಕೆ ಒಂದ್ಸಲ, ಎರಡು ಸಲ. ಅದಕ್ಕೇ ತಾನೇ ಮಕ್ಕಳಾಗಲಿಲ್ಲ.”

“ಏನ್ ಔಷಧಿ ತಗೊಂಡ್ರಿ?”

“ಔಷಧಿ ಯಾರ್ ಕೊಡಿಸ್ತಾರಮ್ಮ? ಹುಳು ಮನೆ ವಹಿಸಿದ್ರು.”

ಅಪ್ಪ ಕಿಟಕಿಯ ಕಡೆ ನೋಡಿದ. ತನ್ನ ಅಕ್ಕ ಯಾಕೆ ತಿಂಗಳಿಡೀ ಹುಳು ಮನೆಯಲ್ಲಿರುತ್ತಾಳೆ ಎಂದು ಅವನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಮುಂದಿನ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ ಕೂತಾಗ, ಅತ್ತೆ ತಾನಾಗಿಯೇ ಡಬ್ಬಿ ಇಳಿಸಿ ನನ್ನ ಅಂಗೈಗೆ ಮಾತ್ರೆ ಹಾಕಿದಳು. “ನುಂಗು, ನೋಡ್ತೀನಿ” ಎಂದು ನೀರಿನ ಲೋಟ ಹಿಡಿದು ನಿಂತಳು. ದಿನವೂ ಹಾಗೇ ಮಾಡಿದಳು. ಹುಳು ಹಣ್ಣಾಗುವ ಹೊತ್ತಿಗೆ ಸರಿಯಾಗಿ ನಾನು ಮುಟ್ಟಾದೆ. ಅಮ್ಮನೂ ಆ ದಿನವೇ ಹೊರಗೆ. ನಾವಿಬ್ಬರೂ ಜಗುಲಿಯಲ್ಲಿ ಕೂತಿದ್ದಾಗ ಅತ್ತೆ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು.

“ಬರ್ರೇ, ಹುಳು ಆಯಬೇಕು.”

“ಅತ್ತಿಗೆ, ನಾವು…” ಎಂದಳು ಅಮ್ಮ.

“ಗೊತ್ತು. ಬನ್ನಿ. ಹುಳೂಗೆ ಏನೂ ಆಗಲ್ಲ. ನಂಗೆ ಬಂದಾಗ ನಾನ್ ಯಾವತ್ತು ಆಚೆ ಕೂತಿದ್ದೆ? ಆಚೆ ಕೂತ್ರೆ ಈ ಮನೇಲಿ ನನ್ ಕೆಲಸ ಏನೈತೆ? ಅದಕ್ಕೇ ಬಂದಿದ್ದನ್ನ ಯಾರಿಗೂ ಹೇಳ್ತಾನೇ ಇರಲಿಲ್ಲ.”

ಅಮ್ಮ ಎದ್ದು, ಕಾಲು ತೊಳೆದುಕೊಂಡು ಒಳಗೆ ಹೋದಳು. ನನಗೆ ಏಳಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ವರ್ಷ ಅತ್ತೆಗೆ ಗೊತ್ತಿತ್ತು. ಮಾತ್ರೆಯನ್ನು ತೊಲೆಯ ಮೇಲಿಡುವಾಗಲೂ ಗೊತ್ತಿತ್ತು, ನನ್ನನ್ನು ಆಚೆ ಹೋಗೆಂದು ಕಿರುಚುವಾಗಲೂ ಗೊತ್ತಿತ್ತು. ನನಗೆ ಸಿಟ್ಟು ಬಂತು. ಅವಳ ಮೇಲೆ ಮರುಕವೂ ಬಂತು, ಅದು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಆ ಬೆಳೆ ಮುಗಿಯುವವರೆಗೆ ನಾನು ಅವಳೊಡನೆ ಒಂದು ಮಾತೂ ಆಡಲಿಲ್ಲ. ಮಾತ್ರೆಯನ್ನು ಮಾತ್ರ, ಮುಂದಿನ ತಿಂಗಳೂ ಅದರ ಮುಂದಿನ ತಿಂಗಳೂ, ಅವಳ ಕೈಯಿಂದಲೇ ತೆಗೆದುಕೊಂಡೆ.